ಹೊಸ ಕೀಲಿನ ಲೆಕ್ಕಪತ್ರ

ಸಂಸಾರವಂದಿಗರು ಲೆಕ್ಕವಿಡದ ವಿಷಯವೇ ಇಲ್ಲವೆನ್ನಬಹುದು. ಹಾಲಿನವರಿಗೆ ಕೊಟ್ಟದ್ದೆಷ್ಟು, ಮನೆ ಕಟ್ಟಿಸಿದಾಗ ಮರಮುಟ್ಟಿಗೆ ತಗುಲಿದ್ದೆಷ್ಟು, ಮಗಳ ಮದುವೆಗೆ ಯಾರಿಂದ ಯಾವ ಉಡುಗೊರೆ ಬಂದಿತು ಎಂಬುದೆಲ್ಲವೂ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಆದರೆ ಅದೇ ಮನೆಯ ಹಿರಿಯರೊಬ್ಬರಿಗೆ ಲಕ್ಷಗಟ್ಟಲೆ ಹಣ ತೆತ್ತು, ಸವೆದ ಮಂಡಿಯ ಕೀಲನ್ನು ತೆಗೆಸಿ ಲೋಹದ ಕೀಲನ್ನು ಕೂಡಿಸಿ ಕರೆತಂದ ಮೇಲೆ, ಆ ಕೀಲು ಎಷ್ಟು ಬಾಗುತ್ತಿದೆ, ಎಷ್ಟು ದೂರ ನಡೆಸುತ್ತಿದೆ, ರಾತ್ರಿಯ ನಿದ್ರೆಯನ್ನು ಕೆಡಿಸುತ್ತಿದೆಯೋ ಇಲ್ಲವೋ ಎಂಬುದಕ್ಕೆ ಮಾತ್ರ ಒಂದು ಸಾಲಿನ ಲೆಕ್ಕವೂ ಇರುವುದಿಲ್ಲ. ಬಂದ ನೆಂಟರು “ಈಗ ಹೇಗಿದೆ?” ಎಂದರೆ “ಪರವಾಗಿಲ್ಲ” ಎಂಬ ಉತ್ತರ, ವೈದ್ಯರು ಕೇಳಿದರೂ ಅದೇ ಉತ್ತರ. ಈ “ಪರವಾಗಿಲ್ಲ”ದೊಳಗೆ ಪೂರ್ಣ ಗುಣವೂ ಅಡಗಿರಬಹುದು, ಸಹಿಸಿಕೊಂಡ ನೋವೂ ಅಡಗಿರಬಹುದು. ಅವೆರಡನ್ನೂ ಬೇರ್ಪಡಿಸಿ ತಿಳಿಯುವ ಉಪಾಯವೇನೆಂಬುದೇ ಈ ಲೇಖನದ ವಿಷಯ.

ಮೊದಲು ಈ ಚಿಕಿತ್ಸೆಯ ಸ್ವರೂಪವನ್ನು ಸಂಕ್ಷೇಪವಾಗಿ ನೋಡೋಣ. ಎರಡು ಎಲುಬುಗಳು ಕೂಡುವಲ್ಲಿ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ. ಸಂಧಿವಾತದಿಂದ ಅದು ಸವೆದುಹೋದಾಗ ಎಲುಬಿಗೆ ಎಲುಬು ತಗುಲಿ ನೋವು, ಬಿಗಿತ, ಕಾಲಿನ ಸೊಟ್ಟು ಉಂಟಾಗುತ್ತವೆ. ಔಷಧ ವ್ಯಾಯಾಮಗಳಿಂದ ಪರಿಹಾರ ಕಾಣದಿದ್ದಾಗ ವೈದ್ಯರು ಕೀಲಿನ ಬದಲಾವಣೆಯನ್ನು ಸೂಚಿಸುತ್ತಾರೆ. ಮಂಡಿಯಲ್ಲಾದರೆ ತೊಡೆಯೆಲುಬಿನ ಕೆಳತುದಿಯನ್ನೂ ಮಂಡಿಯ ಕೆಳಗಿನ ಎಲುಬಿನ ಮೇಲುತುದಿಯನ್ನೂ ತೆಳುವಾಗಿ ಕೊಯ್ದು, ಲೋಹದ ಹೊದಿಕೆ ತೊಡಿಸಿ, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನಿಡುತ್ತಾರೆ. ಸೊಂಟದ ಕೀಲಿನಲ್ಲಾದರೆ ತೊಡೆಯೆಲುಬಿನ ಗುಂಡುತಲೆಯನ್ನು ತೆಗೆದು, ಅಲ್ಲಿ ಕಾಂಡವುಳ್ಳ ಹೊಸ ಗುಂಡನ್ನು ನೆಟ್ಟು, ಅದು ತಿರುಗುವುದಕ್ಕೆ ಸೊಂಟದೆಲುಬಿನಲ್ಲಿ ಬಟ್ಟಲೊಂದನ್ನು ಕೂಡಿಸುತ್ತಾರೆ. ಶಸ್ತ್ರವೈದ್ಯರ ಕೈಗೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ರೋಗಿಯು ಆಸ್ಪತ್ರೆಯಲ್ಲಿರುವುದು ಕೆಲವೇ ದಿನ. ಆ ಬಳಿಕ ಆರು ತಿಂಗಳೋ ಒಂದು ವರ್ಷವೋ ಹಿಡಿಯುವ ಚೇತರಿಕೆಯು ನಡೆಯುವುದು ಮನೆಯಲ್ಲಿ, ಮನೆಯವರ ಕಣ್ಣೆದುರಿಗೆ. ಆದುದರಿಂದ ಆ ಕಾಲದ ಲೆಕ್ಕವಿಡುವ ಹೊಣೆಯೂ ಬಹುಮಟ್ಟಿಗೆ ಮನೆಯವರದೇ ಆಗಿದೆ.

ಚಿಕಿತ್ಸೆ ಪಡೆದವರ ಮುಂದಿನ ಗತಿಯನ್ನು ವಿಚಾರಿಸಬೇಕೆಂಬುದು ಇಂದು ಸಹಜವಾಗಿ ಕಾಣುತ್ತದೆ. ಆದರೆ ಈ ಮಾತನ್ನು ಮೊದಲು ಹಟವಾಗಿ ಹೇಳಿದವರು ಅದಕ್ಕಾಗಿ ಕಷ್ಟಪಟ್ಟರು. ಅಮೇರಿಕಾ ದೇಶದ ಬೋಸ್ಟನ್ ಪಟ್ಟಣದಲ್ಲಿ ಅರ್ನೆಸ್ಟ್ ಎಮರಿ ಕಾಡ್‌ಮನ್ ಎಂಬ ಶಸ್ತ್ರವೈದ್ಯರಿದ್ದರು. ಪ್ರತಿಯೊಬ್ಬ ರೋಗಿಗೂ ಒಂದು ಚೀಟಿಯನ್ನಿಟ್ಟು, ಚಿಕಿತ್ಸೆಯಾದ ವರ್ಷದ ಮೇಲೂ ಅವರನ್ನು ಕರೆಸಿ ನೋಡಿ, ಗುಣವಾಗಿಲ್ಲದಿದ್ದರೆ ಏಕೆ ಆಗಲಿಲ್ಲವೆಂದು ಆಸ್ಪತ್ರೆಯು ತನ್ನನ್ನು ತಾನೇ ಕೇಳಿಕೊಳ್ಳಬೇಕೆಂಬುದು ಅವರ ವಾದ. ದೊಡ್ಡ ಆಸ್ಪತ್ರೆಗಳಿಗೆ ಈ ಮಾತು ರುಚಿಸಲಿಲ್ಲ. ಕಾಡ್‌ಮನ್ನರು ೧೯೧೪ರಲ್ಲಿ ತಾವಿದ್ದ ಹುದ್ದೆಯನ್ನು ಬಿಟ್ಟರು. ತಮ್ಮದೇ ಆದ ಚಿಕ್ಕ ಆಸ್ಪತ್ರೆಯಲ್ಲಿ ೧೯೧೧ರಿಂದ ೧೯೧೬ರವರೆಗೆ ಚಿಕಿತ್ಸೆ ಪಡೆದ ೩೩೭ ರೋಗಿಗಳ ಲೆಕ್ಕವನ್ನು ಅಚ್ಚು ಹಾಕಿಸಿ, ಅವರಲ್ಲಿ ತಮ್ಮಿಂದಲೂ ತಮ್ಮವರಿಂದಲೂ ಆದ ೧೨೩ ತಪ್ಪುಗಳನ್ನು ಬಹಿರಂಗವಾಗಿ ಎಣಿಸಿ ತೋರಿಸಿದರು. ೧೯೪೦ರಲ್ಲಿ ಅವರು ತೀರಿಕೊಂಡಾಗ ಸಮಾಧಿಯ ಮೇಲೆ ಹೆಸರಿನ ಕಲ್ಲು ಸಹ ಇರಲಿಲ್ಲ. ವೈದ್ಯಲೋಕವು ಅಲ್ಲಿ ಕಲ್ಲು ನೆಡಿಸಿದ್ದು ೨೦೧೪ರಲ್ಲಿ.

ಕಾಡ್‌ಮನ್ನರ ಮಾತಿನ ಬೆಲೆ ಎಷ್ಟೆಂಬುದು ಕೀಲು ಬದಲಾವಣೆಯ ಚರಿತ್ರೆಯಲ್ಲಿ ಚೆನ್ನಾಗಿ ಕಾಣಬರುತ್ತದೆ. ಆಂಗ್ಲ ದೇಶದ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ ಎಂಬವರು ಸೊಂಟದ ಕೀಲಿನ ಬಟ್ಟಲಿಗೆ ಮೊದಲು ಟೆಫ್ಲಾನ್ ಎಂಬ ಜಾರುವಸ್ತುವನ್ನು ಉಪಯೋಗಿಸಿದರು. ಇಂದು ನಮ್ಮ ದೋಸೆಯ ಕಾವಲಿಗೆ ಲೇಪಿಸುವುದೂ ಈ ವಸ್ತುವನ್ನೇ. ಆರಂಭದಲ್ಲಿ ರೋಗಿಗಳು ನೋವಿಲ್ಲದೆ ನಡೆದಾಡಿದರು, ಎಲ್ಲರೂ ಸಂತೋಷಪಟ್ಟರು. ಆದರೆ ಚಾರ್ನ್‌ಲಿಯವರು ರೋಗಿಗಳನ್ನು ಕರೆಸಿ ನೋಡುತ್ತಲೇ ಇದ್ದುದರಿಂದ, ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿಯಿಂದ ಸುತ್ತಲಿನ ಮಾಂಸವು ಕೆರಳುತ್ತಿರುವುದು ಅವರಿಗೆ ಗೊತ್ತಾಯಿತು. ಆ ಪುಡಿಯ ಗುಣವನ್ನು ಪರೀಕ್ಷಿಸಲು ಅವರು ಅದನ್ನು ತಮ್ಮ ತೊಡೆಯಲ್ಲಿಯೇ ಸೇರಿಸಿಕೊಂಡು ನೋಡಿದರು. ಬಳಿಕ ೧೯೬೨ರ ನವೆಂಬರಿನಲ್ಲಿ ಗಟ್ಟಿ ಪಾಲಿಎಥಿಲೀನಿನ ಬಟ್ಟಲನ್ನು ಮೊದಲ ಸಲ ಕೂಡಿಸಿದರು. ಲೋಹದ ಗುಂಡು, ಪಾಲಿಎಥಿಲೀನಿನ ಬಟ್ಟಲು ಎಂಬ ಆ ಜೋಡಿಯೇ ಮುಂದೆ ಲೋಕದಲ್ಲೆಲ್ಲ ಪ್ರಚಾರಕ್ಕೆ ಬಂದಿತು. ಮೊದಲ ವರ್ಷದ ಸಂತೋಷವನ್ನೇ ನಂಬಿ ಲೆಕ್ಕವನ್ನು ಮುಚ್ಚಿದ್ದರೆ ಟೆಫ್ಲಾನೇ ಇನ್ನಷ್ಟು ಸಾವಿರ ಜನರ ಮೈಸೇರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಒಬ್ಬ ವೈದ್ಯರು ತಮ್ಮ ರೋಗಿಗಳನ್ನು ಮಾತ್ರ ನೋಡಬಲ್ಲರು. ಇಡೀ ದೇಶದ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯುವ ಪದ್ಧತಿಯನ್ನು ಆರಂಭಿಸಿದವರು ಸ್ವೀಡನ್ನಿನವರು. ಅಲ್ಲಿ ೧೯೭೫ರಲ್ಲಿ ಮಂಡಿಯ ಕೀಲುಗಳಿಗೂ ೧೯೭೯ರಲ್ಲಿ ಸೊಂಟದ ಕೀಲುಗಳಿಗೂ ರಾಷ್ಟ್ರೀಯ ದಾಖಲೆಗಳು ಪ್ರಾರಂಭವಾದವು. ಯಾರಿಗೆ, ಯಾವ ದಿನ, ಯಾವ ಜಾತಿಯ ಕೀಲನ್ನು ಕೂಡಿಸಿದರು, ಅದನ್ನು ಮತ್ತೆ ಬಿಚ್ಚಿ ಸರಿಪಡಿಸಬೇಕಾಯಿತೇ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಮುಂದೆ ನಾರ್ವೆ, ಆಸ್ಟ್ರೇಲಿಯ ಮೊದಲಾದ ದೇಶಗಳೂ, ೨೦೦೩ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸುಗಳೂ ಇದನ್ನು ಅನುಸರಿಸಿದವು. “ಈ ಕೀಲು ಎಷ್ಟು ವರ್ಷ ಬಾಳುತ್ತದೆ?” ಎಂದು ಕೇಳುವವರಿಗೆ ಇಂದು ಉತ್ತರ ಹೇಳಲು ಸಾಧ್ಯವಾಗಿರುವುದು ಇಂತಹ ಪುಸ್ತಕಗಳಿಂದಲೇ. ಆಸ್ಟ್ರೇಲಿಯ ಮತ್ತು ಫಿನ್ಲೆಂಡುಗಳ ದಾಖಲೆಗಳನ್ನು ಕೂಡಿಸಿ ನೋಡಿದ ವಿದ್ವಾಂಸರು, ಇಪ್ಪತ್ತೈದು ವರ್ಷಗಳ ಮೇಲೂ ನೂರರಲ್ಲಿ ಸುಮಾರು ೮೨ ಮಂಡಿಯ ಕೀಲುಗಳೂ ೫೮ ಸೊಂಟದ ಕೀಲುಗಳೂ ಉಳಿದಿರುತ್ತವೆಂದು ೨೦೧೯ರಲ್ಲಿ ಪ್ರಕಟಿಸಿದರು. ಅವು ಕಾಲು ಶತಮಾನದ ಹಿಂದೆ ಕೂಡಿಸಿದ ಕೀಲುಗಳೆಂಬುದನ್ನು ನೆನಪಿನಲ್ಲಿಡಬೇಕು.

ಲೆಕ್ಕವಿದ್ದ ದೇಶಕ್ಕೂ ಇಲ್ಲದ ದೇಶಕ್ಕೂ ಏನು ಅಂತರವೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಲೋಹದ ಗುಂಡು ಲೋಹದ ಬಟ್ಟಲಿನಲ್ಲಿಯೇ ತಿರುಗುವ ಎ.ಎಸ್.ಆರ್. ಎಂಬ ಸೊಂಟದ ಕೀಲು ಈ ಶತಮಾನದ ಮೊದಲ ದಶಕದಲ್ಲಿ ಮಾರಾಟಕ್ಕೆ ಬಂದಿತು. ಅದನ್ನು ಕೂಡಿಸಿದವರಲ್ಲಿ ಮರುಚಿಕಿತ್ಸೆಯು ಅಳತೆ ಮೀರಿ ಆಗುತ್ತಿದೆಯೆಂದು ಆಸ್ಟ್ರೇಲಿಯದ ದಾಖಲೆಯು ೨೦೦೭ರಲ್ಲಿಯೇ ಎತ್ತಿ ತೋರಿಸಿತು. ೨೦೦೯ರ ಕೊನೆಗೆ ಆ ದೇಶದಲ್ಲಿ ಅದರ ಮಾರಾಟ ನಿಂತಿತು; ೨೦೧೦ರ ಆಗಸ್ಟಿನಲ್ಲಿ ತಯಾರಕರು ಲೋಕದಲ್ಲೆಲ್ಲ ಅದನ್ನು ಹಿಂತೆಗೆದುಕೊಂಡರು. ನಮ್ಮ ದೇಶದಲ್ಲಿಯೂ ಇಂತಹ ಚಿಕಿತ್ಸೆಗಳು ಸುಮಾರು ೪,೭೦೦ ಆಗಿದ್ದವು. ಭಾರತ ಸರಕಾರವು ೨೦೧೭ರಲ್ಲಿ ನೇಮಿಸಿದ ಸಮಿತಿಯು ವಿಚಾರಣೆ ಮಾಡಿದಾಗ, ಅವುಗಳಲ್ಲಿ ಸುಮಾರು ೩,೬೦೦ರ ರೋಗಿಗಳು ಎಲ್ಲಿದ್ದಾರೆಂಬುದೇ ಗೊತ್ತಾಗಲಿಲ್ಲ. ಪರಿಹಾರ ಕೊಡಬೇಕೆಂದರೂ ಕೊಡುವುದಾರಿಗೆ? ತನ್ನ ಕಾಲಿನಲ್ಲಿರುವ ಕೀಲಿನ ಹೆಸರೇನೆಂದು ತಿಳಿಯದೆ, ಬಂದ ನೋವನ್ನು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಿದ್ದವರು ಅವರಲ್ಲಿ ಎಷ್ಟು ಮಂದಿಯೋ! ನಮ್ಮ ದೇಶದ ಕೀಲುತಜ್ಞರ ಸಂಘವು ೨೦೦೬ರಿಂದ ಒಂದು ದಾಖಲೆಯನ್ನು ನಡೆಸಿಕೊಂಡು ಬಂದಿದೆ. ಆದರೆ ಅದಕ್ಕೆ ವಿವರ ಕಳುಹಿಸುವುದು ಶಸ್ತ್ರವೈದ್ಯರ ಸ್ವಂತ ಇಚ್ಛೆಗೆ ಸೇರಿದ್ದು. ಆದುದರಿಂದ ಕೀಲಿನ ಪೊಟ್ಟಣದ ಮೇಲಿರುವ ಅಂಟುಚೀಟಿಯ ಪ್ರತಿಯನ್ನು ಕೇಳಿ ಪಡೆದು, ಮನೆಯ ಪತ್ರಗಳೊಡನೆ ಜೋಪಾನವಾಗಿಡತಕ್ಕದ್ದು. ತಯಾರಕರ ಹೆಸರು, ಕೀಲಿನ ಜಾತಿ, ಅಳತೆ, ತಂಡದ ಸಂಖ್ಯೆ ಇವೆಲ್ಲವೂ ಅದರಲ್ಲಿರುತ್ತವೆ.

ಇಷ್ಟಾದರೂ ಈ ರಾಷ್ಟ್ರೀಯ ದಾಖಲೆಗಳಲ್ಲಿ ಒಂದು ಕೊರತೆಯಿತ್ತು. ಅವು ಎಣಿಸುತ್ತಿದ್ದುದು ಮುಖ್ಯವಾಗಿ ಮರುಚಿಕಿತ್ಸೆಗಳನ್ನು. ನೋವನ್ನು ನುಂಗಿಕೊಂಡು ಮನೆಯಲ್ಲಿಯೇ ಕುಳಿತವರು ಗೆದ್ದವರ ಪಟ್ಟಿಗೆ ಸೇರಿಬಿಡುತ್ತಿದ್ದರು. ವೈದ್ಯರು ಅಂಕ ಕೊಡುವ ಪದ್ಧತಿಯೊಂದು ೧೯೬೯ರಿಂದಲೂ ಇದ್ದಿತು. ಆದರೆ ಒಂದೇ ಕಾಲಿಗೆ ವೈದ್ಯರು ಕೊಡುವ ಅಂಕವೂ ರೋಗಿ ಕೊಡುವ ಅಂಕವೂ ಒಂದೇ ಆಗಿರುವುದಿಲ್ಲ. ಎಕ್ಸರೆಯಲ್ಲಿ ಕೀಲು ನೆಟ್ಟಗಿದ್ದರೆ ವೈದ್ಯರಿಗೆ ತೃಪ್ತಿ. ರೋಗಿಗಾದರೋ ಮೆಟ್ಟಿಲಿಳಿಯುವುದು ಸಾಧ್ಯವಾದಾಗ ತೃಪ್ತಿ. ಇದನ್ನು ಮನಗಂಡ ಆಕ್ಸ್‌ಫರ್ಡಿನ ವಿದ್ವಾಂಸರು ರೋಗಿಗಳನ್ನೇ ಮಾತನಾಡಿಸಿ, ೧೯೯೬ರಲ್ಲಿ ಸೊಂಟಕ್ಕೂ ೧೯೯೮ರಲ್ಲಿ ಮಂಡಿಗೂ ಹನ್ನೆರಡು ಹನ್ನೆರಡು ಪ್ರಶ್ನೆಗಳ ಪಟ್ಟಿಗಳನ್ನು ಸಿದ್ಧಮಾಡಿದರು. ನೋವೆಷ್ಟು, ರಾತ್ರಿ ಹಾಸಿಗೆಯಲ್ಲಿ ಬಾಧೆಯುಂಟೇ, ಸ್ನಾನಕ್ಕೆ ತೊಂದರೆಯೇ, ಕುಂಟುವಿರಾ, ಅಂಗಡಿಗೆ ಒಬ್ಬರೇ ಹೋಗಿಬರಬಲ್ಲಿರಾ ಮೊದಲಾಗಿ ನಿತ್ಯಜೀವನದ ಸಂಗತಿಗಳೇ ಅದರಲ್ಲಿವೆ. ಒಂದೊಂದು ಉತ್ತರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು ೪೮. ಆಂಗ್ಲ ದೇಶದ ಸರಕಾರಿ ಆರೋಗ್ಯ ಸೇವೆಯು ೨೦೦೯ರ ಏಪ್ರಿಲಿನಿಂದ ಇಂತಹ ಪಟ್ಟಿಯನ್ನು ಚಿಕಿತ್ಸೆಗೆ ಮುಂಚೆ ಒಂದು ಸಲ, ಆರು ತಿಂಗಳಾದ ಮೇಲೆ ಮತ್ತೊಂದು ಸಲ ರೋಗಿಗಳಿಂದ ತುಂಬಿಸತೊಡಗಿತು.

ರೋಗಿಗಳಿಗೆ ಬಾಯಿ ಬಂದ ಮೇಲೆ ತಿಳಿದುಬಂದ ಸಂಗತಿ ಗಮನಾರ್ಹವಾದುದು. ಬಹುಮಂದಿಗೆ ಈ ಚಿಕಿತ್ಸೆಯಿಂದ ದೊಡ್ಡ ಉಪಕಾರವೇ ಆಗುತ್ತದೆ. ಆದರೆ ಸೊಂಟದ ಕೀಲು ಬದಲಾಯಿಸಿಕೊಂಡವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೂ ಮಂಡಿಯ ಕೀಲು ಬದಲಾಯಿಸಿಕೊಂಡವರಲ್ಲಿ ಸುಮಾರು ಐವರಲ್ಲೊಬ್ಬರಿಗೂ ದೀರ್ಘಕಾಲ ನೋವು ಉಳಿಯುತ್ತದೆ. ಎಕ್ಸರೆಯೊಂದನ್ನೇ ನಂಬಿದ್ದರೆ ಈ ಐದನೆಯವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಇವರು ಇನ್ನೂ ಹೆಚ್ಚಾಗಿ ಮರೆಯಾಗುತ್ತಾರೆ. “ಮಗ ಸಾಲ ಮಾಡಿ ಚಿಕಿತ್ಸೆ ಮಾಡಿಸಿದ್ದಾನೆ, ಈಗ ನೋವೆಂದರೆ ಅವನ ಮನಸ್ಸು ನೊಂದೀತು” ಎಂದು ತಾಯಿಯು ಬಾಯಿ ಮುಚ್ಚಿಕೊಂಡಿರುತ್ತಾಳೆ. “ಅಮ್ಮ ಏನೂ ಹೇಳುತ್ತಿಲ್ಲ, ಗುಣವಾಗಿರಬೇಕು” ಎಂದು ಮಗನು ನಿಶ್ಚಿಂತನಾಗಿರುತ್ತಾನೆ. ಪ್ರೀತಿಯಿಂದಲೇ ಹುಟ್ಟಿದ ಈ ಮೌನವನ್ನು ಮುರಿಯಲು ಲೆಕ್ಕದ ಪುಸ್ತಕಕ್ಕಿಂತ ಸುಲಭವಾದ ಸಾಧನವಿಲ್ಲ. ಬಾಯಿಬಿಟ್ಟು ಹೇಳಲು ಸಂಕೋಚಪಡುವವರೂ ಪ್ರಶ್ನೆಯೊಂದಕ್ಕೆ ಅಂಕ ಹಾಕಲು ಸಂಕೋಚಪಡುವುದಿಲ್ಲ.

ಈ ಪುಸ್ತಕವನ್ನು ಚಿಕಿತ್ಸೆಗೆ ಮುಂಚೆಯೇ ಆರಂಭಿಸತಕ್ಕದ್ದು. ಮೊದಲಿನ ಸ್ಥಿತಿಯನ್ನು ಬರೆದಿಡದಿದ್ದರೆ ಮುಂದೆ ಲಾಭನಷ್ಟಗಳನ್ನು ಅಳೆಯಲು ಬರುವುದಿಲ್ಲ. ಆ ಮೇಲೆ ಎರಡು ವಾರ, ಆರು ವಾರ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಹೀಗೆ ಗೊತ್ತಾದ ದಿನಗಳಲ್ಲಿ ಅವೇ ಪ್ರಶ್ನೆಗಳನ್ನು ಕೇಳಿ ಬರೆಯಬೇಕು. ಉತ್ತರ ರೋಗಿಯದೇ ಆಗಿರಬೇಕು. ಓದುಬರಹ ಬಾರದವರಾದರೆ ಮನೆಯವರು ಪ್ರಶ್ನೆಯನ್ನು ಓದಿ, ಅವರು ಹೇಳಿದ್ದನ್ನೇ ಬರೆಯಬೇಕೇ ಹೊರತು ಮಗನಾಗಲಿ ಸೊಸೆಯಾಗಲಿ ಅವರ ಪರವಾಗಿ ಉತ್ತರಿಸಬಾರದು.

ಬರೆಯಬೇಕಾದ ಸಂಗತಿಗಳು ಬಹಳವಿಲ್ಲ. ಕುಳಿತಾಗ, ನಡೆಯುವಾಗ, ರಾತ್ರಿ ಮಲಗಿದಾಗ ನೋವೆಷ್ಟೆಂಬುದನ್ನು ಸೊನ್ನೆಯಿಂದ ಹತ್ತರೊಳಗಿನ ಅಂಕದಿಂದ ಸೂಚಿಸಲಿ. ನಿಲ್ಲದೆ ಎಷ್ಟು ನಿಮಿಷ ನಡೆಯಬಲ್ಲರು, ವಾಕರ್ ಹಿಡಿದೋ ಊರುಗೋಲು ಹಿಡಿದೋ ಬರಿಗೈಯಲ್ಲಿಯೋ ಎಂಬುದನ್ನು ಬರೆಯಿರಿ. ಊರುಗೋಲನ್ನು ಚಿಕಿತ್ಸೆಯಾದ ಕಾಲಿನ ಎದುರು ಪಕ್ಕದ ಕೈಯಲ್ಲಿ ಹಿಡಿಯಬೇಕೆಂಬುದನ್ನು ಬಹುಮಂದಿ ಅರಿಯರು. ಕುರ್ಚಿಯಿಂದೆದ್ದು, ಮೂರು ಮೀಟರು ನಡೆದು, ಹಿಂದಿರುಗಿ ಬಂದು ಕುಳಿತುಕೊಳ್ಳಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಗುರುತಿಸುವುದು ೧೯೯೧ರಿಂದ ವೈದ್ಯರಲ್ಲಿ ಬಳಕೆಯಲ್ಲಿರುವ ಪರೀಕ್ಷೆ. ಇದನ್ನು ಮಾಡುವಾಗ ಒಬ್ಬರು ಪಕ್ಕದಲ್ಲಿ ನಿಂತಿರಬೇಕು. ಹನ್ನೆರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎಡವಿ ಬೀಳುವ ಭಯವುಂಟೆಂದು ಎಚ್ಚರಿಕೆ ವಹಿಸಬೇಕು.

ಮಂಡಿಯಾದರೆ ಬಾಗುವಿಕೆ ಮತ್ತು ನೀಡುವಿಕೆ ಎರಡನ್ನೂ ನೋಡಬೇಕು. ಕುರ್ಚಿಯಲ್ಲಿ ಕುಳಿತು ಪಾದವನ್ನು ಹಿಂದಕ್ಕೆ ಜಾರಿಸಿದಾಗ ಹಿಮ್ಮಡಿಯು ಮಂಡಿಯ ನೇರ ಕೆಳಕ್ಕೆ ಬಂದರೆ ಸುಮಾರು ೯೦ ಡಿಗ್ರಿ ಬಾಗಿದಂತೆ. ಅದಕ್ಕಿಂತ ಹಿಂದೆ ಹೋದರೆ ಇನ್ನೂ ಉತ್ತಮ. ಸಮನೆಲದಲ್ಲಿ ನಡೆಯಲು ೭೦ ಡಿಗ್ರಿಯಷ್ಟು, ಮೆಟ್ಟಿಲಿಗೆ ೯೦ರಷ್ಟು, ತಗ್ಗಾದ ಕುರ್ಚಿಯಿಂದೇಳಲು ೧೦೦ಕ್ಕೂ ಮೇಲೆ ಬೇಕಾಗುತ್ತದೆ. ಆರು ವಾರಗಳಾದರೂ ೯೦ ತಲುಪದಿದ್ದರೆ ವೈದ್ಯರಿಗೆ ತಿಳಿಸಲು ತಡಮಾಡಬಾರದು. ದಿನ ಕಳೆದಷ್ಟೂ ಬಿಗಿತವನ್ನು ಬಿಡಿಸುವುದು ಕಷ್ಟವಾಗುತ್ತದೆ. ನೀಡುವಿಕೆಯನ್ನು ನೋಡಲು ರೋಗಿಯನ್ನು ಮಂಚದ ಮೇಲೆ ಕಾಲು ಚಾಚಿ ಮಲಗಿಸಿ, ಮಂಡಿಯ ಕೆಳಗೆ ಅಂಗೈ ತೂರುವಷ್ಟು ಸಂದಿದೆಯೇ ಎಂದು ಪರೀಕ್ಷಿಸಿರಿ. ನೋವು ಕಂಡು ಮರುಗಿದ ಮನೆಯವರು ಮಂಡಿಯ ಕೆಳಗೆ ಮೆತ್ತನೆಯ ದಿಂಬನ್ನಿಡುವುದುಂಟು. ಅದು ಆ ಕ್ಷಣಕ್ಕೆ ಹಿತವಾದರೂ ಮಂಡಿಯನ್ನು ಬಾಗಿದ ಸ್ಥಿತಿಯಲ್ಲಿಯೇ ಬಿಗಿಸಿ ಕುಂಟನ್ನು ಶಾಶ್ವತಗೊಳಿಸಬಹುದು. ದಿಂಬನ್ನು ಇಡಲೇಬೇಕಾದರೆ ಹಿಮ್ಮಡಿಯ ಕೆಳಗಿಡುವುದು ಮೇಲು.

ಆಕ್ಸ್‌ಫರ್ಡಿನ ಪಟ್ಟಿಯು ಕುರ್ಚಿಮೇಜುಗಳ ದೇಶದಲ್ಲಿ ಹುಟ್ಟಿದುದರಿಂದ ನಮ್ಮ ಮನೆಯ ಕೆಲವು ಪ್ರಶ್ನೆಗಳು ಅದರಲ್ಲಿಲ್ಲ. ಪಂಕ್ತಿಯಲ್ಲಿ ಎಲೆಯ ಮುಂದೆ ಕೂಡಬಲ್ಲಿರಾ? ದೇವರ ಮುಂದೆ ಚಕ್ಕಂಬಕ್ಕಳ ಹಾಕಬಲ್ಲಿರಾ? ಕಕ್ಕಸಿನಲ್ಲಿ ಕುಕ್ಕುರುಗಾಲಿನಲ್ಲಿ ಕೂಡಬೇಕಾಗಿ ಬಂದರೆ ಗತಿಯೇನು? ಹೊಸಿಲ ಮುಂದೆ ರಂಗೋಲಿಯಿಡಲು ಬಗ್ಗಿ ಏಳಬಲ್ಲಿರಾ? ಬಸ್ಸಿನ ಎತ್ತರದ ಮೆಟ್ಟಿಲನ್ನು ಹತ್ತಬಲ್ಲಿರಾ? ಇವನ್ನು ನಾವೇ ಸೇರಿಸಿಕೊಳ್ಳಬೇಕು. ಹೊಸ ಮಂಡಿಯು ಸಾಮಾನ್ಯವಾಗಿ ೧೧೦ರಿಂದ ೧೨೦ ಡಿಗ್ರಿ ಬಾಗುತ್ತದೆ. ಕುಕ್ಕುರುಗಾಲಿಗೆ ೧೩೦ಕ್ಕೂ ಮೇಲೆ ಬೇಕು. ಸೊಂಟದ ಕೀಲಿನವರಿಗೆ ಹೀಗೆ ಕೂಡುವುದರಿಂದ ಗುಂಡು ಬಟ್ಟಲಿನಿಂದ ಜಾರುವ ಭಯವೂ ಮೊದಲ ತಿಂಗಳುಗಳಲ್ಲಿ ಇರುತ್ತದೆ. ಆದುದರಿಂದ ಇವುಗಳಲ್ಲಿ ಯಾವುದು ಸಾಧ್ಯ, ಯಾವುದು ನಿಷಿದ್ಧ ಎಂಬುದನ್ನು ಚಿಕಿತ್ಸೆಗೆ ಮುಂಚೆಯೇ ಶಸ್ತ್ರವೈದ್ಯರಿಂದ ಕೇಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡುವುದು ಒಳ್ಳೆಯದು. ಆಗದ ಆಸೆಯನ್ನು ಮೊದಲೇ ತಿಳಿದವರು ಆದದ್ದಕ್ಕೆ ಸಂತೋಷಪಡುತ್ತಾರೆ.

ಲೆಕ್ಕ ಓದುವಾಗ ತಾಳ್ಮೆಯೂ ಬೇಕು, ಎಚ್ಚರವೂ ಬೇಕು. ಸೊಂಟದ ಕೀಲು ಸಾಮಾನ್ಯವಾಗಿ ಬೇಗನೆ ಹೊಂದಿಕೊಳ್ಳುತ್ತದೆ, ಮಂಡಿಯು ನಿಧಾನ. ಮಂಡಿಯ ಬಾವೂ ಬಿಸಿಯೂ ಕೆಲವು ತಿಂಗಳವರೆಗೆ ಇರಬಹುದು. ಮೊದಲ ವಾರಗಳಲ್ಲಿ ರಾತ್ರಿಯ ನೋವೂ ನಿದ್ರೆಗೇಡೂ ಅಪರೂಪವಲ್ಲ. ಅಂಕಗಳು ನಿಧಾನವಾಗಿಯಾದರೂ ಏರುತ್ತಿದ್ದರೆ ಧೈರ್ಯಗೆಡಬೇಕಾಗಿಲ್ಲ. ಏರಿದ್ದು ಮತ್ತೆ ಇಳಿಯತೊಡಗಿದರೆ ಮಾತ್ರ ವೈದ್ಯರನ್ನು ಕಾಣಬೇಕು. ವರ್ಷಗಟ್ಟಲೆ ಸುಖವಾಗಿದ್ದ ಕೀಲಿನಲ್ಲಿ ಹೊಸದಾಗಿ ನೋವು ಹುಟ್ಟುವುದು ಕೀಲು ಸಡಿಲವಾದುದರ ಅಥವಾ ಸೋಂಕು ತಗುಲಿದುದರ ಸೂಚನೆಯಾಗಿರಬಹುದು.

ಕೆಲವು ಚಿಹ್ನೆಗಳಿಗೆ ಪುಸ್ತಕದ ದಿನವನ್ನು ಕಾಯಲೇಬಾರದು. ಮೀನಖಂಡದಲ್ಲಿ ನೋವು, ಬಾವು ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು. ಅದರೊಡನೆ ಏದುಸಿರೋ ಎದೆನೋವೋ ಬಂದರೆ ಪ್ರಾಣಾಪಾಯವೆಂದು ತಿಳಿದು ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು. ಜ್ವರ, ಹೆಚ್ಚುತ್ತಿರುವ ಕೆಂಪು, ಹೊಲಿಗೆಯಿಂದ ನೀರು ಅಥವಾ ಕೀವು ಒಸರುವುದು ಸೋಂಕಿನ ಲಕ್ಷಣ. ಆಗ ಮನೆಯಲ್ಲಿ ಉಳಿದಿದ್ದ ಆಂಟಿಬಯೋಟಿಕ್ ಗುಳಿಗೆಯನ್ನು ನುಂಗಿಸಬಾರದು. ಹಾಗೆ ಮಾಡಿದರೆ ಪರೀಕ್ಷೆಯಲ್ಲಿ ಕ್ರಿಮಿಯ ಗುರುತು ಸಿಕ್ಕದೆ, ಚಿಕಿತ್ಸೆಯೇ ದಾರಿ ತಪ್ಪಬಹುದು. ಸೊಂಟದ ಕೀಲಿನವರಿಗೆ ಹಠಾತ್ತಾಗಿ ಕಾಲು ಗಿಡ್ಡವಾದಂತಾಗಿ ಊರಲು ಬಾರದಿದ್ದರೆ ಗುಂಡು ಜಾರಿದೆಯೆಂದು ಊಹಿಸಬೇಕು.

ಈಗ ಹೆಜ್ಜೆಗಳನ್ನು ಎಣಿಸುವ ಕೈಗಡಿಯಾರಗಳೂ ಮೊಬೈಲ್ ಫೋನುಗಳೂ ಬಂದಿವೆ. ನಡಿಗೆಯ ವೇಗವನ್ನೂ ಮಂಡಿಯ ಬಾಗುವಿಕೆಯನ್ನೂ ಒಳಗಿನಿಂದಲೇ ಅಳೆದು ವೈದ್ಯರಿಗೆ ಕಳುಹಿಸುವ ಕೃತಕ ಮಂಡಿಗೆ ಅಮೇರಿಕಾ ಸರಕಾರವು ೨೦೨೧ರಲ್ಲಿ ಅನುಮತಿ ಕೊಟ್ಟಿತು. ಇಂತಹ ಯಂತ್ರಗಳು ದಿನಕ್ಕೆ ಸಾವಿರ ಹೆಜ್ಜೆಯಾಯಿತೆಂದು ಹೇಳಬಲ್ಲವು. ಆ ಸಾವಿರ ಹೆಜ್ಜೆಯನ್ನು ಹಲ್ಲು ಕಚ್ಚಿ ನಡೆದರೋ ಹಾಡಿಕೊಂಡು ನಡೆದರೋ ಎಂಬುದನ್ನು ನಡೆದವರೇ ಹೇಳಬೇಕು. ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ಆಗುವುದಿದ್ದರೆ ಇಂದೇ ಒಂದು ಗೆರೆಪುಸ್ತಕವನ್ನು ಕೊಂಡು, ಮೊದಲ ಪುಟದಲ್ಲಿ ಇಂದಿನ ನೋವಿನ ಅಂಕವನ್ನು ಅವರ ಕೈಯಿಂದಲೇ ಬರೆಯಿಸಿರಿ. ಮುಂದೆ ವೈದ್ಯರ ಬಳಿಗೆ ಹೋಗುವಾಗ ಆ ಪುಸ್ತಕವೂ ಜೊತೆಯಲ್ಲಿರಲಿ. ಕೇಳಿದ ಪ್ರಶ್ನೆಗೆ ಅದು “ಪರವಾಗಿಲ್ಲ”ಕ್ಕಿಂತ ಹೆಚ್ಚಿನದನ್ನು ಹೇಳುವುದು.